ಪ್ರಾಗ್, ಮ್ಯೂನಿಕ್, ಬ್ಯಾಂಬರ್ಗ್, ಕೊಲೋನ್, ಬ್ರಸೆಲ್ಸ್: ಬಿಯರ್‌ಗಾಗಿ ಎಲ್ಲಿ ಇಳಿಯಬೇಕು?

ಹೂಗಾರ್ಡನ್ ಬಿಯರ್ ಕುಡಿಯಲು ಬೆಲ್ಜಿಯಂಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ದೊಡ್ಡ ಬಾರ್‌ಗಳಲ್ಲೇ ಸಿಗುತ್ತದೆ. ಜರ್ಮನಿಯ ಬವೇರಿಯಾ ಪ್ರಾಂತ್ಯದ ಗೋಧಿ ಬಿಯರ್ ಕುಡಿಯಲು ಮ್ಯೂನಿಕ್‌ಗೂ ಹೋಗಬೇಕಾಗಿಲ್ಲ. ಇಂದಿರಾನಗರ, ಕೋರಮಂಗಲದ ಬ್ರೂಪಬ್‌ಗಳಲ್ಲಿ ಅದೇ ಮಾದರಿಯದ್ದನ್ನು ಜನ ವಾರವಾರ ಕುಡಿಯುತ್ತಿದ್ದಾರೆ. ಹಾಗಿದ್ದ ಮೇಲೆ ಯುರೋಪಿಗೆ ಹೋದಾಗ ಯಾವುದನ್ನು ಹುಡುಕಿಕೊಂಡು ಹೋಗಬೇಕು?

ನನ್ನ ಉತ್ತರ ಒಂದೇ. ಬಾಟಲಿಯಲ್ಲಿ ಕೂತು ಊರು ಬಿಟ್ಟು ಬರಲಾಗದ ಬಿಯರ್ ಯಾವುದೋ, ಅದನ್ನು. ಟ್ಯಾಂಕಿನಿಂದ ನೇರ ಗ್ಲಾಸಿಗೆ ಇಳಿಯುವುದು, ಮರದ ಪೀಪಾಯಿಯಿಂದ ಸುರಿಯುವುದು, ಸುರಿಯುವವನ ಕೈಚಳಕದ ಮೇಲೆ ರುಚಿ ನಿಂತಿರುವುದು. ಹೆಸರು ನೋಡಿ ಬಿಯರ್ ಆರಿಸುವವರು ಏರ್‌ಪೋರ್ಟಿನ ಅಂಗಡಿಯಲ್ಲೇ ಕೆಲಸ ಮುಗಿಸಿಕೊಳ್ಳಬಹುದು, ಸುಮ್ನೆ ಊರೂರು ಅಲೆಯುವುದು ಬೇಡ.

ಹತ್ತು ಹನ್ನೆರಡು ದಿನದ ಯುರೋಪ್ ಪ್ರವಾಸದಲ್ಲಿ ಬಿಯರ್‌ಗೆ ಅಂತ ಸಿಗುವುದು ಒಂದೋ ಎರಡೋ ಸಂಜೆ. ಐದೂ ಊರು ಸುತ್ತಲು ಆಗುವುದಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಮೊದಲ ಸಲ ಹೋಗುವವರು ಪ್ರಾಗ್ ಆರಿಸಿಕೊಳ್ಳಿ. ಮಕ್ಕಳು, ಅಪ್ಪ ಅಮ್ಮ ಜೊತೆಗಿದ್ದರೆ ಮ್ಯೂನಿಕ್. ಬಿಯರ್ ಬಗ್ಗೆ ನಿಜವಾದ ಕುತೂಹಲ ಇದ್ದು, ಪಬ್‌ನ ಗದ್ದಲ ಬೇಡ ಅನ್ನುವವರು ಬ್ರಸೆಲ್ಸ್. ಜರ್ಮನಿಯದೇ ಆದ ಬ್ಯಾಂಬರ್ಗ್ ಒಂದು ಹಗಲಿನ ಮಾತು. ಅಲ್ಲಿಯದೇ ಕೊಲೋನ್ ದಾರಿಯಲ್ಲಿ ಬಂದರೆ ಮಾತ್ರ. ಯಾಕೆ ಅಂತ ಮುಂದೆ ನೋಡೋಣ.

ಮೊದಲು ಪೆಗ್ ಲೆಕ್ಕ

ಗ್ಲಾಸಿನ ಗಾತ್ರ ನೋಡಿ ಮೋಸ ಹೋಗುವವರು ಬಹಳ. ಮ್ಯೂನಿಕ್‌ನ ಗ್ಲಾಸು ನೋಡಿ ಹೆದರುತ್ತಾರೆ, ಬ್ರಸೆಲ್ಸ್‌ನ ಗ್ಲಾಸು ನೋಡಿ ಇಷ್ಟೇನಾ ಅನ್ನುತ್ತಾರೆ. ನಮ್ಮ ಪೆಗ್ ಲೆಕ್ಕಕ್ಕೆ ತಂದರೆ ವಿಷಯ ಸರಳವಾಗುತ್ತದೆ.

ನಮ್ಮಲ್ಲಿ ಮಾರುವ ವಿಸ್ಕಿ 42.8% ಇರುತ್ತದೆ. ಅಂದರೆ 30 ಎಂ.ಎಲ್.ನ ಒಂದು ಸ್ಮಾಲ್‌ನಲ್ಲಿ ಸುಮಾರು 13 ಎಂ.ಎಲ್. ಆಲ್ಕೋಹಾಲ್. ಈಗ ಕೊಲೋನ್‌ನ ಕೋಲ್ಷ್ ನೋಡಿ. 200 ಎಂ.ಎಲ್. ಗ್ಲಾಸು, 4.8%. ಹತ್ತಿರ ಹತ್ತಿರ 10 ಎಂ.ಎಲ್. ಮುಕ್ಕಾಲು ಸ್ಮಾಲ್ ಆಯಿತು, ಅಷ್ಟೇ. ಪ್ರಾಗ್‌ನಲ್ಲಿ ಅರ್ಧ ಲೀಟರ್ ಪಿಲ್ಸ್ನರ್ ಉರ್ಕ್ವೆಲ್, 4.4%. ಒಂದು ಲಾರ್ಜ್‌ಗೆ (60 ಎಂ.ಎಲ್.) ಸ್ವಲ್ಪ ಕಡಿಮೆ. ಬ್ಯಾಂಬರ್ಗ್‌ನ ಹೊಗೆ ಬಿಯರ್ ಅರ್ಧ ಲೀಟರ್, 5.1%. ಸರಿಯಾಗಿ ಒಂದು ಲಾರ್ಜ್. ಮ್ಯೂನಿಕ್‌ನ ಒಂದು ಲೀಟರ್ ಗ್ಲಾಸಿಗೆ ಮಾಸ್ ಅನ್ನುತ್ತಾರೆ. ಅದರಲ್ಲಿ 5.2% ಬಿಯರ್ ಇದ್ದರೆ ಎರಡು ಲಾರ್ಜ್. ನಮ್ಮೂರಿನ 650 ಎಂ.ಎಲ್. ಸ್ಟ್ರಾಂಗ್ ಬಾಟಲಿ 8% ಇದ್ದರೆ ಅದೂ ಅಷ್ಟೇ. ಅಂದರೆ ಮಾಸ್ ನೋಡಲು ದೊಡ್ಡದು, ಕೆಲಸದಲ್ಲಿ ನಮಗೆ ಗೊತ್ತಿರುವುದೇ.

ಮ್ಯೂನಿಕ್‌ನ ಬಿಯರ್ ಜಾತ್ರೆ ಅಕ್ಟೋಬರ್‌ಫೆಸ್ಟ್‌ಗೆ ಅಂತಲೇ ತಯಾರಿಸುವ ಬಿಯರ್ ಸುಮಾರು 6% ಇರುತ್ತದೆ. ಅದರ ಒಂದು ಲೀಟರ್ ಮುಕ್ಕಾಲು ಕ್ವಾರ್ಟರ್ (ಕ್ವಾರ್ಟರ್ ಅಂದರೆ 180 ಎಂ.ಎಲ್.) ದಾಟುತ್ತದೆ. ಇನ್ನು ಬೆಲ್ಜಿಯಂನ ರೋಷ್‌ಫೋರ್ 10. ಬಾಟಲಿ ಬರೀ 330 ಎಂ.ಎಲ್., ಆದರೆ 11.3%. ಅದು ಒಂದು ನೈಂಟಿ. ಸಿಹಿಯಾಗಿ ಇಳಿಯುತ್ತದೆ ಅಂತ ಎರಡು ಮುಗಿಸಿ ಎದ್ದು ನಿಂತವರಿಗೆ ಅದರ ಅರ್ಥ ಆಗುತ್ತದೆ.

ಪ್ರಾಗ್: ನೊರೆಗೂ ದುಡ್ಡು ಕೊಡಿ

ತಲಾ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಬಿಯರ್ ಕುಡಿಯುವವರು ಚೆಕ್ ಜನ. ದಶಕಗಳಿಂದ ಆ ಜಾಗ ಬಿಟ್ಟುಕೊಟ್ಟಿಲ್ಲ. ನಾವು ಇವತ್ತು ಬಿಯರ್ ಅಂದ ಕೂಡಲೇ ನೆನೆಸಿಕೊಳ್ಳುವ ಹೊಂಬಣ್ಣದ ತಿಳಿ ಬಿಯರ್ ಹುಟ್ಟಿದ್ದೂ ಈ ದೇಶದ ಪಿಲ್ಸೆನ್ ಎಂಬ ಊರಿನಲ್ಲಿ. ನಮ್ಮ ಲಾಗರ್‌ಗಳೆಲ್ಲ (ತಂಪಿನಲ್ಲಿ ನಿಧಾನಕ್ಕೆ ಹುದುಗಿಸುವ ಬಿಯರ್) ಅದೇ ವಂಶದವು.

ಕಥೆ ಹೀಗಿದೆ. 1838ರಲ್ಲಿ ಪಿಲ್ಸೆನ್ ಜನರಿಗೆ ತಮ್ಮೂರ ಬಿಯರ್ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಹಾಳಾದ 36 ಪೀಪಾಯಿ ಬಿಯರನ್ನು ಪುರಭವನದ ಮುಂದೆ ಚರಂಡಿಗೆ ಸುರಿದರಂತೆ. ಆಮೇಲೆ ಊರವರೇ ಸೇರಿ ಹೊಸ ಬ್ರೂವರಿ ಕಟ್ಟಿದರು. ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬಾತನನ್ನು ಕರೆಸಿದರು. 1842ರ ಅಕ್ಟೋಬರ್‌ನಲ್ಲಿ ಆತ ಮೊದಲ ಪಿಲ್ಸ್ನರ್ ತಯಾರಿಸಿದ. ಅದರಲ್ಲಿ ನಾಲ್ಕು ವಿಷಯ ಕೂಡಿ ಬಂದವು. ಒಂದು, ಪಿಲ್ಸೆನ್‌ನ ತುಂಬಾ ಮೃದುವಾದ ನೀರು. ಎರಡು, ಹತ್ತಿರದ ಝಾಟೆಟ್ಸ್ ಸೀಮೆಯ ಹಾಪ್ಸ್, ಅಂದರೆ ಬಿಯರ್‌ಗೆ ಕಹಿ ಕೊಡುವ ಹೂವು. ಮೂರು, ತಣ್ಣಗಿನ ನೆಲಮಾಳಿಗೆಯಲ್ಲಿ ನಿಧಾನಕ್ಕೆ ಹುದುಗುವ ಬವೇರಿಯಾದ ಯೀಸ್ಟ್. ನಾಲ್ಕನೆಯದು ಇಂಗ್ಲೆಂಡ್ ಮಾದರಿಯ ಒಲೆ. ಅದರಲ್ಲಿ ಹೊಗೆ ತಾಗದಂತೆ ಬರೀ ಬಿಸಿ ಗಾಳಿಯಲ್ಲಿ ಬಾರ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿ, ಒಣಗುತ್ತಿತ್ತು. ಕಪ್ಪಗಾಗದ ಮಾಲ್ಟ್‌ನಿಂದ ಕಪ್ಪಲ್ಲದ ಬಿಯರ್ ಬಂತು. ಈ ಹೊಗೆಯ ವಿಷಯ ನೆನಪಿಟ್ಟುಕೊಳ್ಳಿ, ಬ್ಯಾಂಬರ್ಗ್‌ನಲ್ಲಿ ಬೇಕಾಗುತ್ತದೆ.

ಪ್ರಾಗ್‌ಗೆ ಯಾಕೆ ಹೋಗಬೇಕು ಅಂದರೆ ಟ್ಯಾಂಕಿಗಾಗಿ. ಒಳ್ಳೆಯ ಪಬ್‌ಗಳಿಗೆ ಬ್ರೂವರಿಯಿಂದ ಪಾಶ್ಚರೀಕರಿಸದ ಬಿಯರ್ ಟ್ಯಾಂಕರ್ ಲಾರಿಯಲ್ಲಿ ಬರುತ್ತದೆ. ಪಬ್‌ನ ದೊಡ್ಡ ಟ್ಯಾಂಕುಗಳಿಗೆ ಇಳಿಸಿಕೊಂಡು ಕೆಲವೇ ದಿನದಲ್ಲಿ ಖಾಲಿ ಮಾಡುತ್ತಾರೆ. ಬಾಗಿಲಿನ ಮೇಲೆ ‘ಟ್ಯಾಂಕೊವ್ನಾ’ ಅಂತ ಬರೆದಿದ್ದರೆ ಒಳಗೆ ನುಗ್ಗಿ. ಇಲ್ಲಿ ಬಾಟಲಿಯ ಪಿಲ್ಸ್ನರ್ ಉರ್ಕ್ವೆಲ್ ಕುಡಿದವರಿಗೂ ಅಲ್ಲಿನ ಟ್ಯಾಂಕಿನದು ಬೇರೆಯೇ ಅನ್ನಿಸುತ್ತದೆ. ಕಹಿ ಇರುತ್ತದೆ, ಆದರೆ ಚುಚ್ಚುವುದಿಲ್ಲ. ಹಿಂದೆಯೇ ಒಂದು ಬ್ರೆಡ್ಡಿನ ಸಿಹಿ ಬರುತ್ತದೆ.

ಇನ್ನು ನೊರೆ. ನಮ್ಮ ಬಾರ್‌ಗಳಲ್ಲಿ ಗ್ಲಾಸು ಓರೆ ಮಾಡಿ ನೊರೆ ಬರದಂತೆ ಸುರಿದರೆ ಒಳ್ಳೆಯ ಸಪ್ಲೈಯರ್. ನೊರೆ ಜಾಸ್ತಿ ಬಂದರೆ ಜಗಳ. ಪ್ರಾಗ್‌ನಲ್ಲಿ ಇದು ಪೂರ್ತಿ ತಿರುವುಮುರುವು. ಮಾಮೂಲಿ ಸುರಿತಕ್ಕೆ ‘ಹ್ಲಾದಿಂಕಾ’ ಅನ್ನುತ್ತಾರೆ. ಮೇಲೆ ಮೂರು ಬೆರಳಷ್ಟು ಒದ್ದೆಯಾದ, ಗಟ್ಟಿ ಕೆನೆಯಂಥ ನೊರೆ ಇರಲೇಬೇಕು. ಮೊದಲು ನೊರೆ ಬಿಟ್ಟು, ಅದರ ಅಡಿಯಲ್ಲಿ ನಲ್ಲಿಯ ಮೂತಿ ಮುಳುಗಿಸಿ ಬಿಯರ್ ತುಂಬುತ್ತಾರೆ. ಗಾಳಿ ತಾಗದಿರಲು ಆ ಮುಚ್ಚಳ ಬೇಕು. ‘ಶ್ನಿತ್’ ಅಂದರೆ ಇನ್ನಷ್ಟು ನೊರೆ, ಕಡಿಮೆ ಬಿಯರ್. ‘ಮ್ಲೀಕೊ’ ಅಂದರೆ ಗ್ಲಾಸಿನ ತುಂಬಾ ಬಿಳಿ ನೊರೆಯೇ, ಗಟಗಟ ಒಂದೇ ಸಲ ಕುಡಿಯಬೇಕು, ಸಿಹಿಯಾಗಿರುತ್ತದೆ. ಕೊನೆಯ ಗ್ಲಾಸು ಅಂತ ಒಮ್ಮೆ ಹೇಳಿ ನೋಡಿ. ದುಡ್ಡು ಕೊಟ್ಟು ಬರೀ ನೊರೆ ಕುಡಿದೆವು ಅಂತ ಬೇಜಾರಾಗುವವರು ಶ್ನಿತ್‌ಗೇ ನಿಲ್ಲಿಸಿ.

ಮೆನುವಿನಲ್ಲಿ 10°, 11°, 12° ಅಂತ ಕಾಣುತ್ತದೆ. ಅದು ಆಲ್ಕೋಹಾಲ್ ಅಲ್ಲ. ಹುದುಗುವ ಮುಂಚೆ ಮಾಲ್ಟ್ ನೀರಿನಲ್ಲಿ ಎಷ್ಟು ಸತ್ವ ಇತ್ತು ಅನ್ನುವ ಅಳತೆ. ಹತ್ತು ಅಂದರೆ ಸುಮಾರು 4%, ಹನ್ನೆರಡು ಅಂದರೆ ಸುಮಾರು 5%. ಹನ್ನೆರಡು ಪರ್ಸೆಂಟ್ ಅಂತ ತಿಳಿದು ಗಾಬರಿಯಾಗಬೇಡಿ.

ಕೂತ ಕೂಡಲೇ ರಟ್ಟಿನ ಬಿಲ್ಲೆಯನ್ನು ನಿಮ್ಮ ಮುಂದೆ ಇಟ್ಟುಕೊಂಡರೆ ಬಿಯರ್ ಬೇಕು ಅಂತ ಅರ್ಥ. ಹಳೆಯ ಪಬ್‌ಗಳಲ್ಲಿ ಒಂದು ಚೀಟಿ ಟೇಬಲ್ ಮೇಲೆ ಬಂದು ಬೀಳುತ್ತದೆ. ಪ್ರತಿ ಗ್ಲಾಸಿಗೂ ಅದರ ಮೇಲೆ ಪೆನ್ನಿನಲ್ಲಿ ಒಂದು ಗೀಟು. ಚೀಟಿ ಕಳೆಯಬೇಡಿ, ಅದರ ಮೇಲೆ ನೀವೇನೂ ಬರೆಯಬೇಡಿ. ಉಳಿದ ಬಿಯರನ್ನು ಹೊಸ ಗ್ಲಾಸಿಗೆ ಬೆರೆಸಬೇಡಿ, ಪಕ್ಕದವರು ಮುಖ ಸಿಂಡರಿಸುತ್ತಾರೆ. ಸಪ್ಲೈಯರ್‌ಗಳು ನಗುವುದಿಲ್ಲ. ಅದು ಕೋಪವಲ್ಲ, ಅವರ ರೀತಿಯೇ ಹಾಗೆ.

ಎಲ್ಲಿಗೆ ಹೋಗುವುದು? ಊ ಪಿಂಕಾಸೂ ಎಂಬ ಪಬ್‌ನಲ್ಲಿ 1843ರಿಂದ ಪಿಲ್ಸ್ನರ್ ಸಿಗುತ್ತಿದೆ. ಪ್ರಾಗ್‌ನಲ್ಲಿ ಅದನ್ನು ಮೊದಲು ಮಾರಿದ್ದು ಅಲ್ಲಿಯೇ. ಊ ಝ್ಲಾತೇಹೊ ತಿಗ್ರಾ, ಅಂದರೆ ಚಿನ್ನದ ಹುಲಿ, ಇನ್ನೊಂದು. 1994ರ ಜನವರಿಯಲ್ಲಿ ಚೆಕ್ ಅಧ್ಯಕ್ಷ ವಾತ್ಸ್ಲಾವ್ ಹಾವೆಲ್ ಅವರು ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್‌ರನ್ನು ಬಿಯರ್‌ಗೆ ಅಂತ ಕರೆದುಕೊಂಡು ಹೋಗಿದ್ದು ಅಲ್ಲಿಗೆ. ಊ ಫ್ಲೆಕೂನಲ್ಲಿ ಹೆಸರುವಾಸಿ ತಮ್ಮದೇ ಕಪ್ಪು ಲಾಗರ್. 1499ರಿಂದ ಇದೆ ಆ ಜಾಗ. ಆದರೆ ಹೆಸರಿರುವ ಜಾಗಗಳಲ್ಲಿ ಸೀಟು ಸಿಗುವುದು ಕಷ್ಟ, ಖಾಯಂ ಗಿರಾಕಿಗಳ ಟೇಬಲ್ ಬೇರೆಯೇ ಇರುತ್ತದೆ. ಟ್ರಾಮ್ ಹತ್ತಿ ಝಿಜ್ಕೊವ್ ಅಥವಾ ಕಾರ್ಲೀನ್ ಕಡೆ ಹೋಗಿ. ಹಳೇ ಪೇಟೆಯ ಚೌಕದಲ್ಲಿ ಕೊಡುವ ದುಡ್ಡಿಗೆ ಅಲ್ಲಿ ಇನ್ನೊಂದು ಗ್ಲಾಸು ಬರುತ್ತದೆ. ಬಿಯರ್ ಕೂಡ ಹೊಸದು, ಯಾಕೆಂದರೆ ಅಲ್ಲಿ ದಿನಾ ಕುಡಿಯುವವರಿದ್ದಾರೆ.

ಸಸ್ಯಾಹಾರಿಗಳಿಗೆ ಪ್ರಾಗ್ ಪಬ್‌ಗಳು ಅಷ್ಟೇನೂ ಉದಾರವಲ್ಲ. ‘ಸ್ಮಾಜೆನೀ ಸೀರ್’ ಅಂದರೆ ಬ್ರೆಡ್ ಪುಡಿ ಹಚ್ಚಿ ಕರಿದ ಚೀಸ್. ‘ನಾಕ್ಲಾದನೀ ಹೆರ್ಮೆಲೀನ್’ ಅಂದರೆ ಎಣ್ಣೆ, ಈರುಳ್ಳಿ, ಮೆಣಸಿನಲ್ಲಿ ನೆನೆಸಿಟ್ಟ ಮೆತ್ತನೆ ಚೀಸ್. ಇವೆರಡರಲ್ಲಿ ಎರಡನೆಯದು ಬಿಯರ್ ಜೊತೆ ನೆಂಚಿಕೊಳ್ಳಲು ಹೇಳಿ ಮಾಡಿಸಿದ್ದು, ನಮ್ಮ ನಾಲಿಗೆಗೂ ಹತ್ತಿರ. ಜೊತೆಗೆ ಬಂದವರು ಕುಡಿಯುವುದಿಲ್ಲ ಅಂದರೆ ‘ಕೊಫೋಲಾ’ ಹೇಳಿ. ಕಮ್ಯುನಿಸ್ಟ್ ಕಾಲದಲ್ಲಿ ಹುಟ್ಟಿದ ಕೋಲಾ ಅದು. ಬಿಯರ್‌ನ ಹಾಗೆಯೇ ನಲ್ಲಿಯಿಂದ ಗ್ಲಾಸಿಗೆ ಬರುತ್ತದೆ, ಕೈಯಲ್ಲಿ ಹಿಡಿದು ಕೂತರೆ ಯಾರೂ ಕೇಳುವುದಿಲ್ಲ.

ಕಾರು ಬಾಡಿಗೆಗೆ ತೆಗೆದುಕೊಂಡವರಿಗೆ ಒಂದು ಮಾತು. ಚೆಕ್ ದೇಶದಲ್ಲಿ ಡ್ರೈವರ್‌ಗೆ ಮಿತಿ ಸೊನ್ನೆ. ಒಂದು ಗುಟುಕೂ ಇಲ್ಲ.

ಒಂದು ದಿನ ಜಾಸ್ತಿ ಇದ್ದರೆ ಪಿಲ್ಸೆನ್‌ಗೆ ಹೋಗಿಬನ್ನಿ. ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಬ್ರೂವರಿಯ ನೆಲಮಾಳಿಗೆಯಲ್ಲಿ ಓಕ್ ಮರದ ಪೀಪಾಯಿಯಿಂದ ಸೋಸದ ಬಿಯರ್ ಹಿಡಿದು ಕೊಡುತ್ತಾರೆ. ಬಾಟಲಿಗೆ ಬರಲಾಗದ ಬಿಯರ್ ಅಂದೆನಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಮ್ಯೂನಿಕ್‌ನಿಂದ ಪ್ರಾಗ್‌ಗೆ ಬರುವ ನೇರ ರೈಲು ಪಿಲ್ಸೆನ್ ಮೇಲೇ ಹಾದುಹೋಗುತ್ತದೆ, ಆ ದಾರಿಯಲ್ಲಿ ಬರುವವರು ಅಲ್ಲೇ ಇಳಿದುಬಿಡಬಹುದು.

ಮ್ಯೂನಿಕ್: ಬುತ್ತಿ ಕಟ್ಟಿಕೊಂಡು ಹೋಗಿ

ಮ್ಯೂನಿಕ್ ಅಂದರೆ ಅಕ್ಟೋಬರ್‌ಫೆಸ್ಟ್ ಅಂತ ಎಲ್ಲರ ತಲೆಯಲ್ಲಿ ಕೂತಿದೆ. 1810ರಲ್ಲಿ ರಾಜಕುಮಾರನ ಮದುವೆಗೆ ಶುರುವಾದ ಜಾತ್ರೆ ಅದು. ಅಲ್ಲಿ ಊರಿನ ಆರು ಬ್ರೂವರಿಗಳ ಬಿಯರ್ ಮಾತ್ರ ಮಾರುತ್ತಾರೆ. 2025ರಲ್ಲಿ ಒಂದು ಮಾಸ್‌ಗೆ 14.50ರಿಂದ 15.80 ಯೂರೋ ಇತ್ತು. ರೂಮಿನ ಬಾಡಿಗೆ ಆ ಎರಡು ವಾರ ಆಕಾಶಕ್ಕೆ ಹೋಗಿರುತ್ತದೆ. ಡೇರೆಯಲ್ಲಿ ಸೀಟು ಸಿಗದಿದ್ದರೆ ಬಿಯರ್ ಕೂಡ ಕಷ್ಟ. ಜಾತ್ರೆ ನೋಡಬೇಕು ಅಂತಿದ್ದರೆ ಹೋಗಿ, ನೋಡುವಂಥದ್ದೇ. ಬಿಯರ್ ಕುಡಿಯಬೇಕು ಅಂತಿದ್ದರೆ ಮೇಯಿಂದ ಆಗಸ್ಟ್ ನಡುವೆ ಯಾವುದಾದರೂ ಬಿಸಿಲ ಸಂಜೆ ಬಿಯರ್‌ಗಾರ್ಟನ್‌ಗೆ, ಅಂದರೆ ಮರದ ನೆರಳಿನ ಬಿಯರ್ ತೋಟಕ್ಕೆ ಹೋಗಿ. ನನ್ನ ಮಟ್ಟಿಗೆ ಎರಡಕ್ಕೂ ಹೋಲಿಕೆಯೇ ಇಲ್ಲ.

ಬಿಯರ್‌ಗಾರ್ಟನ್ ಹುಟ್ಟಿದ್ದಕ್ಕೆ ಕಾರಣ ಇದೆ. ಬೇಸಿಗೆಯಲ್ಲಿ ಬಿಯರ್ ಕೆಡದಿರಲು ನೆಲದಡಿಯಲ್ಲಿ ಮಾಳಿಗೆ ತೋಡಿ ಇಡುತ್ತಿದ್ದರು. ಮೇಲೆ ನೆರಳಿಗೆ ಅಗಲ ಎಲೆಯ ಚೆಸ್ಟ್‌ನಟ್ ಮರ ನೆಟ್ಟರು. ಜನ ಅಲ್ಲಿಗೇ ಬಂದು ಕುಡಿಯತೊಡಗಿದರು. ಊರಿನ ಹೋಟೆಲಿನವರು ವ್ಯಾಪಾರ ಹೋಯಿತು ಅಂತ ದೂರಿದಾಗ, 1812ರಲ್ಲಿ ರಾಜ ಮ್ಯಾಕ್ಸಿಮಿಲಿಯನ್ ಒಂದು ರಾಜಿ ಮಾಡಿದ. ಬ್ರೂವರಿಯವರು ಅಲ್ಲಿ ಬಿಯರ್ ಮಾರಬಹುದು, ಊಟ ಮಾರುವಂತಿಲ್ಲ. ಹಾಗಾಗಿ ಜನ ಮನೆಯಿಂದ ಬುತ್ತಿ ತಂದರು. ಈಗ ಊಟವೂ ಮಾರುತ್ತಾರೆ, ಆದರೆ ಬುತ್ತಿ ತರುವ ಹಕ್ಕು ಇವತ್ತಿಗೂ ಉಳಿದಿದೆ.

ಸಸ್ಯಾಹಾರಿ ಕನ್ನಡಿಗರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯುರೋಪಿನಲ್ಲಿ ಇನ್ಯಾವುದಿದೆ ಹೇಳಿ? ಪುಳಿಯೋಗರೆ ಡಬ್ಬಿ, ಕೋಡುಬಳೆ, ಚಕ್ಕುಲಿ ಟೇಬಲ್ ಮೇಲೆ ಹರಡಿಕೊಂಡು ಕೂರಬಹುದು. ಪಕ್ಕದವರು ಮೂಲಂಗಿ, ಚೀಸ್, ಬ್ರೆಡ್ ಹರಡಿಕೊಂಡು ಕೂತಿರುತ್ತಾರೆ. ಎರಡು ನಿಯಮ ಅಷ್ಟೇ. ಕುಡಿಯುವುದನ್ನು ಅಲ್ಲೇ ಕೊಳ್ಳಬೇಕು, ನೀರು ಸಹ. ಬಟ್ಟೆ ಹಾಸಿದ ಟೇಬಲ್ ಹೋಟೆಲಿನವರದು, ಹಾಸದ ಟೇಬಲ್ ನಿಮ್ಮದು. ಗ್ಲಾಸಿಗೆ ಡಿಪಾಸಿಟ್ ಹಿಡಿಯುತ್ತಾರೆ, ವಾಪಸ್ ಕೊಟ್ಟರೆ ದುಡ್ಡು ವಾಪಸ್. ‘ಸ್ಟಾಮ್‌ಟಿಶ್’ ಅಂತ ಫಲಕ ಇದ್ದ ಟೇಬಲ್‌ನಲ್ಲಿ ಕೂರಬೇಡಿ, ಅದು ಊರ ಹಿರಿಯರ ಖಾಯಂ ಕಟ್ಟೆ.

ಹಿರ್ಷ್‌ಗಾರ್ಟನ್‌ನಲ್ಲಿ ಸುಮಾರು 8,000 ಜನ ಕೂರಬಹುದು. ಮಕ್ಕಳಿಗೆ ಆಟದ ಜಾಗ, ಜಿಂಕೆಗಳು ಇವೆ. ಇಂಗ್ಲಿಷ್ ಗಾರ್ಡನ್ ಪಾರ್ಕಿನ ಚೀನೀ ಗೋಪುರದ ಕೆಳಗಿನದು ಪ್ರವಾಸಿಗರಿಗೆ ಸುಲಭ. ಬಿಯರೇ ಮುಖ್ಯ ಅನ್ನುವವರಿಗೆ ರೈಲ್ವೆ ಸ್ಟೇಷನ್‌ಗೆ ಹತ್ತಿರದ ಆಗಸ್ಟಿನರ್ ಕೆಲ್ಲರ್. ಅಲ್ಲಿ ಈಗಲೂ ಮರದ ಪೀಪಾಯಿಯಿಂದ ಸುರಿಯುತ್ತಾರೆ. ಗ್ಯಾಸ್ ಕಡಿಮೆ, ಹೊಟ್ಟೆ ಉಬ್ಬುವುದಿಲ್ಲ.

ಏನು ಹೇಳಬೇಕು? ‘ಹೆಲೆಸ್’ ಹೇಳಿ. ಪಿಲ್ಸ್ನರ್‌ಗಿಂತ ಕಹಿ ಕಡಿಮೆ, ಮಾಲ್ಟ್ ಜಾಸ್ತಿ. ಪಿಲ್ಸ್ನರ್ ಹೊಡೆತಕ್ಕೆ ಉತ್ತರವಾಗಿ 1894ರಲ್ಲಿ ಸ್ಪಾಟೆನ್ ಬ್ರೂವರಿ ತಂದದ್ದು ಅದು. ಪ್ರಾಗ್‌ನದೂ ಇದೂ ಪಕ್ಕಪಕ್ಕ ಇಟ್ಟರೆ ಪ್ರಾಗ್‌ನದೇ ರುಚಿ ಅನ್ನುತ್ತೇನೆ ನಾನು. ಮ್ಯೂನಿಕ್‌ನಲ್ಲಿ ಗೆಲ್ಲುವುದು ಮರದ ನೆರಳು. ಗೋಧಿಯ ವೈಸ್‌ಬಿಯರ್‌ನ ಬಾಳೆಹಣ್ಣು, ಲವಂಗದ ವಾಸನೆ ಬೆಂಗಳೂರಿನ ಬ್ರೂಪಬ್‌ಗಳಿಂದ ನಮಗೆ ಗೊತ್ತು. ಆ ವಾಸನೆ ಯೀಸ್ಟ್‌ನದು, ಯಾರೂ ಹಣ್ಣು ಹಾಕಿರುವುದಿಲ್ಲ. ಲೀಟರ್ ಜಾಸ್ತಿ ಆಯಿತು ಅಂದರೆ ‘ರಾಡ್ಲರ್’ ಇದೆ, ಅರ್ಧ ಬಿಯರ್ ಅರ್ಧ ನಿಂಬೆ ಸೋಡ. ಆಲ್ಕೋಹಾಲ್ ಇಲ್ಲದ ವೈಸ್‌ಬಿಯರ್ ಕೂಡ ಚೆನ್ನಾಗಿಯೇ ಇರುತ್ತದೆ.

ಜರ್ಮನಿಯಲ್ಲಿ ಗ್ಲಾಸಿನ ಮೇಲೆ ಅಳತೆಯ ಗೆರೆ ಇರುತ್ತದೆ. ಬಿಯರ್ ಗೆರೆಗೆ ಮುಟ್ಟಬೇಕು, ನೊರೆ ಅದರ ಮೇಲೆ. ಮುಟ್ಟದಿದ್ದರೆ ಸಂಕೋಚ ಇಲ್ಲದೆ ಕೇಳಿ. ಕಡಿಮೆ ಸುರಿಯುವವರ ವಿರುದ್ಧ ಮ್ಯೂನಿಕ್‌ನಲ್ಲಿ ಒಂದು ಸಂಘವೇ ಇದೆ!

ಬ್ಯಾಂಬರ್ಗ್: ಹೊಗೆ

ಈಗ ಆ ಒಲೆಯ ವಿಷಯ. ಹಿಂದೆ ಮಾಲ್ಟ್ ಒಣಗಿಸುತ್ತಿದ್ದುದು ಸೌದೆ ಉರಿಯ ಮೇಲೆ, ಹಾಗಾಗಿ ಎಷ್ಟೋ ಊರಿನ ಬಿಯರ್‌ನಲ್ಲಿ ಹೊಗೆ ಇರುತ್ತಿತ್ತು. ಹೊಸ ಒಲೆ ಬಂದ ಮೇಲೆ ಹೆಚ್ಚಿನವರು ಹೊಗೆ ಬಿಟ್ಟರು. ಬ್ಯಾಂಬರ್ಗ್‌ನ ಶ್ಲೆಂಕರ್ಲಾ, ಸ್ಪೆಟ್ಸಿಯಾಲ್ ಎಂಬ ಎರಡು ಬ್ರೂವರಿಗಳು ಬಿಡಲಿಲ್ಲ. ಇವತ್ತಿಗೂ ಬೀಚ್ ಮರದ ಸೌದೆ ಉರಿಸಿ ತಾವೇ ಮಾಲ್ಟ್ ಒಣಗಿಸುತ್ತಾರೆ.

ಶ್ಲೆಂಕರ್ಲಾದ ಕಪ್ಪು ರೌಖ್‌ಬಿಯರ್ ಮೂಗಿನ ಹತ್ತಿರ ತಂದರೆ ಮಲೆನಾಡಿನ ಮನೆಯ ಬಚ್ಚಲ ಒಲೆ ನೆನಪಾಗುತ್ತದೆ. ಯುರೋಪಿನವರಿಗೆ ಅದೇ ವಾಸನೆ ಹೊಗೆಯಲ್ಲಿಟ್ಟ ಹಂದಿ ಮಾಂಸದ್ದು. ಸಸ್ಯಾಹಾರಿಗಳು ಯಾರಾದರೂ ಹಾಗೆ ಹೇಳಿದರೆ ಗಾಬರಿಯಾಗಬೇಡಿ. ಬಾರ್ಲಿ, ಹಾಪ್ಸ್, ನೀರು, ಯೀಸ್ಟ್ ಬಿಟ್ಟು ಒಳಗೆ ಏನೂ ಇಲ್ಲ. 1516ರಲ್ಲಿ ಬವೇರಿಯಾ ಮಾಡಿದ ಶುದ್ಧತೆಯ ಕಾನೂನನ್ನು ಇವರು ಹೆಮ್ಮೆಯಿಂದ ಪಾಲಿಸುತ್ತಾರೆ.

ಮೊದಲ ಗ್ಲಾಸು ಬಹಳ ಜನಕ್ಕೆ ಹಿಡಿಸುವುದಿಲ್ಲ. ಅರ್ಧ ಗ್ಲಾಸು ಕುಡಿದು ಬಿಟ್ಟವರಿಗೆ ಬ್ಯಾಂಬರ್ಗ್ ವ್ಯರ್ಥ. ಎರಡನೆಯದರಲ್ಲಿ ಹೊಗೆ ಹಿಂದೆ ಸರಿದು ಮಾಲ್ಟ್ ಮುಂದೆ ಬರುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಸ್ಪೆಟ್ಸಿಯಾಲ್‌ಗೆ ಹೋಗಿ, ಅಲ್ಲಿ ಹೊಗೆ ಮೆತ್ತಗಿದೆ.

ಊರು ಚಿಕ್ಕದು, 1993ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ನ್ಯೂರೆಂಬರ್ಗ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ಬೆಳಗ್ಗೆ ಹೋಗಿ, ನದಿ ಮೇಲೆ ಕಟ್ಟಿದ ಪುರಭವನ ನೋಡಿ, ಮಧ್ಯಾಹ್ನ ಎರಡು ಗ್ಲಾಸು ಕುಡಿದು, ಸಂಜೆ ರೈಲು ಹತ್ತಿದರೆ ಸಾಕು. ಇದಕ್ಕೆ ಒಂದು ರಾತ್ರಿ ಖರ್ಚು ಮಾಡುವ ಅಗತ್ಯ ಇಲ್ಲ.

ಕೊಲೋನ್: ಸಾಕು ಅನ್ನುವವರೆಗೆ

200 ಎಂ.ಎಲ್.ನ ಉದ್ದನೆ ಸಣ್ಣ ಗ್ಲಾಸು. ನೀಲಿ ಏಪ್ರನ್ ಕಟ್ಟಿದ ಸಪ್ಲೈಯರ್‌ಗೆ ಇಲ್ಲಿ ಕೋಬೆಸ್ ಅಂತ ಹೆಸರು. ಗುಂಡಗಿನ ತಟ್ಟೆಯಲ್ಲಿ ಹತ್ತಾರು ಗ್ಲಾಸು ಹಿಡಿದು ಸುತ್ತುತ್ತಲೇ ಇರುತ್ತಾನೆ. ನಿಮ್ಮದು ಖಾಲಿ ಆದರೆ ಕೇಳುವುದಿಲ್ಲ, ಇನ್ನೊಂದು ಇಟ್ಟು ರಟ್ಟಿನ ಮೇಲೆ ಗೀಟು ಹಾಕುತ್ತಾನೆ. ನಿಲ್ಲಿಸಬೇಕಾದರೆ ರಟ್ಟನ್ನು ಗ್ಲಾಸಿನ ಬಾಯಿಗೆ ಮುಚ್ಚಿ. ನೀರು ಕೇಳಿದರೆ ಒಂದು ಕೊಂಕು ಮಾತು ಬರಬಹುದು, ಅದು ಊರಿನ ಸಂಪ್ರದಾಯ.

ಕೋಲ್ಷ್ ಹಗುರ, ತಿಳಿ, ಬೇಗ ಗ್ಯಾಸ್ ಬಿಡುತ್ತದೆ. ಅದಕ್ಕೇ ಗ್ಲಾಸು ಚಿಕ್ಕದು. ಕೊಲೋನ್ ಮತ್ತು ಸುತ್ತಮುತ್ತ ತಯಾರಾದದ್ದಕ್ಕೆ ಮಾತ್ರ ಆ ಹೆಸರು ಹಾಕಬಹುದು. ಯುರೋಪಿಯನ್ ಒಕ್ಕೂಟದಲ್ಲಿ 1997ರಿಂದ ಅದಕ್ಕೆ ರಕ್ಷಣೆ ಇದೆ, ನಮ್ಮ ಮೈಸೂರು ಮಲ್ಲಿಗೆಗೆ ಜಿ.ಐ. (ಭೌಗೋಳಿಕ ಗುರುತು) ಇರುವ ರೀತಿಯಲ್ಲೇ. ಹೆಚ್ಚು ಕಡಿಮೆ 40 ಕಿ.ಮೀ. ದೂರದ ಡ್ಯೂಸೆಲ್ಡಾರ್ಫ್‌ನಲ್ಲಿ ತಾಮ್ರದ ಬಣ್ಣದ, ಕಹಿ ಜಾಸ್ತಿ ಇರುವ ಆಲ್ಟ್‌ಬಿಯರ್. ಎರಡೂ ಊರಿಗೆ ಆಗಿಬರುವುದಿಲ್ಲ. ಒಂದರಲ್ಲಿ ಕೂತು ಇನ್ನೊಂದರ ಬಿಯರ್ ಕೇಳುವ ತಮಾಷೆ ಬೇಡ. ನನಗೆ ಇವೆರಡರಲ್ಲಿ ಆಲ್ಟ್ ಇಷ್ಟ, ಯೂರಿಗೆ ಎಂಬ ಪಬ್‌ನದು ವಿಶೇಷವಾಗಿ. ಮೆನುವಿನಲ್ಲಿ ‘ಹಾಲ್ವೆ ಹಾನ್’ ಅಂದರೆ ಅರ್ಧ ಕೋಳಿ ಅಂತ ಅನುವಾದದ ಆ್ಯಪ್ ತೋರಿಸುತ್ತದೆ. ನಿಜಕ್ಕೂ ಬರುವುದು ರೈ ಬ್ರೆಡ್ಡು, ಗೌಡಾ ಚೀಸ್, ಸಾಸಿವೆ. ಸಸ್ಯಾಹಾರಿಗಳು ಧೈರ್ಯವಾಗಿ ಹೇಳಿ.

ಬ್ರಸೆಲ್ಸ್: ಇಬ್ಬರು ಹೋಗಿ

ಬೇರೆ ನಾಲ್ಕೂ ಊರಲ್ಲಿ ಒಂದೆರಡು ಬಗೆಯ ಬಿಯರ್, ಅದನ್ನೇ ಮತ್ತೆ ಮತ್ತೆ ಕುಡಿಯುವುದು. ಬೆಲ್ಜಿಯಂನಲ್ಲಿ ಮೆನು ಪುಸ್ತಕದಷ್ಟು ದಪ್ಪ. ಪ್ರತಿ ಬಿಯರ್‌ಗೂ ಅದರದೇ ಗ್ಲಾಸು. ಆ ಗ್ಲಾಸು ಖಾಲಿ ಇಲ್ಲ ಅಂತ ಬಿಯರ್ ತಡ ಮಾಡುವ ಕೆಫೆಗಳೂ ಇವೆ. ಒಬ್ಬರೇ ಹೋದರೆ ನಾಲ್ಕನೆಯದಕ್ಕೆ ಆಟ ಮುಗಿಯುತ್ತದೆ. ಇಬ್ಬರು ಬೇರೆ ಬೇರೆ ಹೇಳಿ ಗ್ಲಾಸು ಅದಲು ಬದಲು ಮಾಡಿಕೊಳ್ಳಿ.

ಟ್ರ್ಯಾಪಿಸ್ಟ್ ಬಿಯರ್‌ಗಳು ಪ್ರಸಿದ್ಧ. ಮಠದೊಳಗೆ, ಸನ್ಯಾಸಿಗಳ ಉಸ್ತುವಾರಿಯಲ್ಲಿ ತಯಾರಾಗುತ್ತವೆ. ಬಂದ ಹಣ ಮಠದ ಖರ್ಚಿಗೆ, ದಾನಕ್ಕೆ. ಶಿಮೇ, ಓರ್ವಾಲ್, ರೋಷ್‌ಫೋರ್, ವೆಸ್ಟ್‌ಮಾಲೆ, ವೆಸ್ಟ್‌ಫ್ಲೆಟರೆನ್ ಈಗ ಬೆಲ್ಜಿಯಂನಲ್ಲಿ ಉಳಿದಿರುವವು. ವೆಸ್ಟ್‌ಫ್ಲೆಟರೆನ್ ಹಿಂದೆ ಬಹಳ ಜನ ಬೀಳುತ್ತಾರೆ, ಅದು ಮಠದ ಬಳಿ ಬಿಟ್ಟರೆ ಸುಲಭಕ್ಕೆ ಸಿಗುವುದಿಲ್ಲ. ಬ್ರಸೆಲ್ಸ್‌ನ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವುದನ್ನು ಕೊಳ್ಳಬೇಡಿ. ಅದೇ ದುಡ್ಡಿಗೆ ರೋಷ್‌ಫೋರ್ 10 ಎರಡು ಮೂರು ಬರುತ್ತದೆ, ರುಚಿಯಲ್ಲಿ ಸೋಲುವುದಿಲ್ಲ. ಇವೆಲ್ಲ ಐಸ್‌ನಂತೆ ತಣ್ಣಗಿರುವುದಿಲ್ಲ. ಚಿಲ್ಡ್ ಬೇಕು ಅಂತ ಹಟ ಮಾಡಿದರೆ ಒಣದ್ರಾಕ್ಷಿ, ಅಂಜೂರದಂಥ ಪರಿಮಳವೆಲ್ಲ ಸತ್ತುಹೋಗುತ್ತದೆ.

ಆದರೆ ಇವು ಬಾಟಲಿ ಬಿಯರ್‌ಗಳು. ಊರು ಬಿಟ್ಟು ಆರಾಮಾಗಿ ಪ್ರಯಾಣ ಮಾಡುತ್ತವೆ. ಬ್ರಸೆಲ್ಸ್‌ಗೇ ಹೋಗಬೇಕಾದ ಕಾರಣ ಲ್ಯಾಂಬಿಕ್. ಇದಕ್ಕೆ ಯಾರೂ ಯೀಸ್ಟ್ ಹಾಕುವುದಿಲ್ಲ. ಕುದಿಸಿದ ಮಾಲ್ಟ್ ನೀರನ್ನು ಅಟ್ಟದ ಮೇಲಿನ ಅಗಲವಾದ, ಆಳವಿಲ್ಲದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಡುತ್ತಾರೆ. ಗಾಳಿಯಲ್ಲಿರುವ ಯೀಸ್ಟ್, ಬ್ಯಾಕ್ಟೀರಿಯಾ ತಾವಾಗಿ ಬಂದು ಬೀಳುತ್ತವೆ. ಆಮೇಲೆ ಮರದ ಪೀಪಾಯಿಯಲ್ಲಿ ಒಂದು, ಎರಡು, ಮೂರು ವರ್ಷ. ಚಳಿಗಾಲದಲ್ಲಿ ಮಾತ್ರ ಇದು ಸಾಧ್ಯ, ಬೇಸಿಗೆಯ ಗಾಳಿಯಲ್ಲಿ ಬೇಡದ್ದೆಲ್ಲ ಜಾಸ್ತಿ. ಹೊಸದು ಹಳೆಯದು ಬೆರೆಸಿ ಬಾಟಲಿಯಲ್ಲಿ ಮತ್ತೆ ಹುದುಗಿಸಿದರೆ ‘ಗೂಜ್’. ಹುಳಿ ಚೆರ್ರಿ ಹಾಕಿದರೆ ‘ಕ್ರೀಕ್’.

ಬ್ರಸೆಲ್ಸ್‌ನ ಆಂಡರ್‌ಲೆಕ್ಟ್‌ನಲ್ಲಿರುವ ಕಾಂಟಿಯೋನ್ ಬ್ರೂವರಿ 1900ರಲ್ಲಿ ಶುರುವಾದದ್ದು. ಒಳಗೆಲ್ಲ ಸುತ್ತಿ ಆ ತೊಟ್ಟಿ, ಪೀಪಾಯಿ ನೋಡಬಹುದು. ಜೇಡರ ಬಲೆ ಗುಡಿಸುವುದಿಲ್ಲ, ಹಣ್ಣಿನ ನೊಣಗಳನ್ನು ಜೇಡ ನೋಡಿಕೊಳ್ಳುತ್ತದೆ. ಕೊನೆಯಲ್ಲಿ ಕುಡಿಯಲು ಕೊಡುತ್ತಾರೆ. ಗ್ಯಾಸ್ ಇಲ್ಲದ ನೇರ ಪೀಪಾಯಿಯ ಲ್ಯಾಂಬಿಕ್ ಸಿಕ್ಕರೆ ಬಿಡಬೇಡಿ. ಮುಖ ಕಿವಿಚುವಷ್ಟು ಹುಳಿ. ಹುಣಸೆ, ಅಮಟೆಕಾಯಿ ತಿಂದು ಬೆಳೆದ ನಾಲಿಗೆ ಇದಕ್ಕೆ ಅಲ್ಲಿನವರಿಗಿಂತ ಬೇಗ ಒಗ್ಗುತ್ತದೆ ಅನ್ನುವುದು ನನ್ನ ಅನುಮಾನ. ಕಹಿಗೆ ಮುಖ ತಿರುಗಿಸುವ ನಮ್ಮವರು ಗೂಜ್‌ಗೆ ಮನಸೋತಿದ್ದನ್ನು ಕಂಡಿದ್ದೇನೆ.

ಹೂಗಾರ್ಡನ್‌ನಲ್ಲಿ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಇದೆ. ಅದು ಗೊತ್ತಿದ್ದರೆ ಸಾಕು, ಇಲ್ಲಿ ಅದಕ್ಕೆ ಸಮಯ ಕಳೆಯಬೇಡಿ. ಸಸ್ಯಾಹಾರಿಗಳು ಒಂದು ಎಚ್ಚರ ಇಟ್ಟುಕೊಳ್ಳಿ. ಬೆಲ್ಜಿಯಂನ ಆಲೂಗಡ್ಡೆ ಫ್ರೈಸ್ ಅನ್ನು ಸಂಪ್ರದಾಯದಂತೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಎಣ್ಣೆ ಯಾವುದು ಅಂತ ಕೇಳಿಯೇ ತಿನ್ನಿ. ಕೆಫೆಗಳಲ್ಲಿ ಸಾಸಿವೆ ಜೊತೆ ಕೊಡುವ ಚೀಸ್ ತುಂಡುಗಳು ಇವೆ.

ತರುವುದಾದರೆ

ವಿದೇಶದಿಂದ ಬರುವಾಗ ಸುಂಕ ಇಲ್ಲದೆ ಒಬ್ಬರು 2 ಲೀಟರ್ ಮದ್ಯ ತರಬಹುದು, ಬಿಯರ್ ಕೂಡ ಅದರೊಳಗೇ. 330 ಎಂ.ಎಲ್. ಬಾಟಲಿ ಆರು ಅಂದರೆ 1.98 ಲೀಟರ್, ಲೆಕ್ಕ ಸರಿಹೋಗುತ್ತದೆ. ಪ್ರಾಗ್, ಮ್ಯೂನಿಕ್, ಕೊಲೋನ್‌ನದನ್ನು ತರಬೇಡಿ. ಬೆಳಕು, ಶಾಖ ತಾಗಿ ಬೇಗ ಸೊರಗುವ ಬಿಯರ್‌ಗಳು ಅವು. ಟ್ರ್ಯಾಪಿಸ್ಟ್ ಮತ್ತು ಗೂಜ್ ತನ್ನಿ. ಗೂಜ್ ಅಂತೂ ಕತ್ತಲೆಯ ತಂಪು ಜಾಗದಲ್ಲಿ ವರ್ಷಗಟ್ಟಲೆ ಚೆನ್ನಾಗಿರುತ್ತದೆ. ಶ್ಲೆಂಕರ್ಲಾ ಒಂದು ಬಾಟಲಿ ಇದ್ದರೆ ಮನೆಗೆ ಬಂದವರಿಗೆ ಮೂಸಿ ನೋಡಲು ಕೊಡಬಹುದು. ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಚೆಕ್‌ಇನ್ ಬ್ಯಾಗಿನ ನಡುವೆ ಇಡಿ. ಏರ್‌ಪೋರ್ಟ್ ಅಂಗಡಿಯಲ್ಲಿ ಕೊಂಡು ದೆಹಲಿ ಅಥವಾ ಮುಂಬೈನಲ್ಲಿ ವಿಮಾನ ಬದಲಿಸುವವರು, ಕಸ್ಟಮ್ಸ್ ದಾಟಿದ ಕೂಡಲೇ ಅವನ್ನೂ ಚೆಕ್‌ಇನ್ ಬ್ಯಾಗಿಗೆ ಸೇರಿಸಿಬಿಡಿ. ಬೆಂಗಳೂರಿನ ವಿಮಾನಕ್ಕೆ ಮತ್ತೆ ಸೆಕ್ಯುರಿಟಿ ದಾಟುವಾಗ ಕೈಚೀಲದಲ್ಲಿದ್ದರೆ ಅಲ್ಲೇ ಬಿಟ್ಟು ಬರಬೇಕಾಗುತ್ತದೆ.